ಗೇಣು ಮೇಸ್ತ್ರಿ ಹಾಕಿದ ಚಿಲಕ

ವಿಶ್ವವಿದ್ಯಾಲಯದ ಹಿಂದಿನ ಗೇಟಿಗೆ ಎದುರಾಗಿ ನನ್ನ ಜೆರಾಕ್ಸ್ ಅಂಗಡಿ. ಅಂಗಡಿಯ ಹೊರಗೋಡೆ ಹೆಸರಿಗೆ ಮಾತ್ರ ನನ್ನದು. ‘ರೂಮು ಬಾಡಿಗೆಗಿದೆ’, ‘ರೂಮು ಬೇಕಾಗಿದೆ’ ಎಂಬ ಚೀಟಿಗಳು ಅದರ ಮೈತುಂಬ ಅಂಟಿಕೊಂಡಿರುತ್ತವೆ. ಇದೆ ಎನ್ನುವ ಚೀಟಿ ಬೆಳಿಗ್ಗೆ ಅಂಟಿಸಿದರೆ ಮಧ್ಯಾಹ್ನದೊಳಗೆ ಮಾಯ. ಬೇಕಾಗಿದೆ ಎನ್ನುವುದು ಬಿಸಿಲಿಗೆ ಹಳದಿಯಾಗಿ ತಾನಾಗಿ ಉದುರುವವರೆಗೂ ಅಲ್ಲೇ ಇರುತ್ತದೆ. ಈ ಊರಲ್ಲಿ ಓದಲು ಸೀಟು ಸಿಗುವುದು ಕಷ್ಟ, ಸಿಕ್ಕಮೇಲೆ ಮಲಗಲು ಜಾಗ ಸಿಗುವುದು ಇನ್ನೂ ಕಷ್ಟ.

ನಾನೂ ಓದಲೆಂದೇ ಬಂದವನು. ಎರಡನೆಯ ವರ್ಷಕ್ಕೆ ಓದು ನನ್ನನ್ನು ಬಿಟ್ಟಿತು, ರೂಮನ್ನು ನಾನು ಬಿಡಲಿಲ್ಲ. ಅಷ್ಟು ಅಲೆದು ಸಿಕ್ಕ ರೂಮನ್ನು ಬುದ್ಧಿ ಇದ್ದವರು ಯಾರಾದರೂ ಬಿಡುತ್ತಾರೆಯೇ? ಇಪ್ಪತ್ತೆರಡು ವರ್ಷದಿಂದ ಅದೇ ಅರ್ಧ ರೂಮಿನಲ್ಲಿದ್ದೇನೆ. ಇನ್ನರ್ಧದಲ್ಲಿ ಇದುವರೆಗೆ ಹದಿನಾಲ್ಕು ಜನ ಇದ್ದು ಹೋದರು. ಅವರಲ್ಲಿ ಮೂವರು ಕಾನೂನು ಓದುತ್ತಿದ್ದರು, ಮೂವರೂ ಗಟ್ಟಿಯಾಗಿ ಓದುವವರು. ಹಾಗಾಗಿ ನನಗೂ ಅಷ್ಟಿಷ್ಟು ಕಾನೂನು ಬರುತ್ತದೆ.

ಅದು ಗೋಡೆ ದಾಟಿ ನನ್ನ ಕಿವಿಗೆ ಬರುವುದಕ್ಕೆ ಕಾರಣ ಗೇಣು ಮೇಸ್ತ್ರಿ. ನನ್ನ ರೂಮನ್ನು ಎರಡು ಮಾಡಿದ್ದು ಅವರು. ಹಿಂದಿನ ನಾಲ್ಕು ಬೀದಿಗಳಲ್ಲಿ ಒಂದಿದ್ದದ್ದು ಎರಡಾಗಿದ್ದರೆ ಬಹುಪಾಲು ಅವರ ಕೈಯದೇ. ಪ್ಲೈವುಡ್ ಹಲಗೆಗಳನ್ನು ತಳ್ಳುಗಾಡಿಯಲ್ಲಿ ತರಿಸಿಕೊಂಡು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬರುತ್ತಿದ್ದರು. ಏಣಿ ತರುತ್ತಿರಲಿಲ್ಲ, ಬಾಡಿಗೆಯವರ ಮಂಚವನ್ನೇ ಎಳೆದು ಹತ್ತುತ್ತಿದ್ದರು. ಬೆಳಿಗ್ಗೆ ಒಳಗೆ ಹೋದರೆ ಸಂಜೆಗೆ ಒಂದು ಬಾಗಿಲಿನ ಜಾಗದಲ್ಲಿ ಎರಡು. ಗೋಡೆಯನ್ನು ಮಾತ್ರ ಸೂರಿನವರೆಗೆ ಒಯ್ಯುತ್ತಿರಲಿಲ್ಲ. ಮೇಲೆ ಕೈಬೆರಳು ಅಗಲಿಸಿ ಅಳೆದು ಸರಿಯಾಗಿ ಒಂದು ಗೇಣು ಬಿಡುತ್ತಿದ್ದರು. ಹೆಸರು ಬಂದದ್ದು ಅದರಿಂದಲೇ.

ಆ ಗೇಣಿನ ಹಿಂದೆ ಒಂದು ಕಥೆಯಿದೆ, ಅವರೇ ನೂರು ಸಲ ಹೇಳಿದ್ದು. ಅವರು ಕಟ್ಟಿದ ಮೊಟ್ಟಮೊದಲ ಗೋಡೆ ಸೂರು ಮುಟ್ಟಿತ್ತು. ಬೇಸಿಗೆ ಶುರುವಾದ ವಾರಕ್ಕೆ ಅಲ್ಲಿದ್ದ ಹುಡುಗ ಅವರನ್ನು ಹುಡುಕಿಕೊಂಡು ಬಂದ, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. “ನೀವು ಮಾಡಿರೋದು ರೂಮಲ್ಲ ಮೇಸ್ತ್ರಿ, ಪೆಟ್ಟಿಗೆ” ಅಂದ. ಮೇಸ್ತ್ರಿ ಯಾರನ್ನೂ ಕೇಳದೆ ಹೋಗಿ ಮೇಲಿನ ಒಂದು ಗೇಣು ಕೊಯ್ದುಹಾಕಿದರು. ಮನೆಯ ಯಜಮಾನ ಕೂಗಾಡಲು ಬಂದವನು, ಒಂದೇ ದೀಪ ಎರಡು ಕಡೆಗೂ ಬೆಳಕು ಕೊಡುವುದನ್ನು ಕಂಡು ಬೆನ್ನು ತಟ್ಟಿ ಹೋದ. ಆಮೇಲೆ ಎಲ್ಲ ಯಜಮಾನರಿಗೂ ಗೇಣು ಬೇಕಾಯಿತು. ಮೇಸ್ತ್ರಿ ಮಾತ್ರ ಆ ಗೇಣು ಹುಡುಗರಿಗಾಗಿ ಎಂದೇ ನಂಬಿಕೊಂಡಿದ್ದರು. “ಏನೇ ಅನ್ನಿ ಅಂಗಡಿಯವ್ರೇ, ಮಕ್ಕಳಿಗೆ ಗಾಳಿ ಬೇಕು” ಅನ್ನುತ್ತಿದ್ದರು. ಪಕ್ಕದವನ ಗೊರಕೆಯೂ ಅದೇ ದಾರಿಯಲ್ಲಿ ಬರುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ.

ಮೇಸ್ತ್ರಿಯ ಮನೆ ಇಲ್ಲಿಂದ ಬಹಳ ದೂರ, ಊರು ಮುಗಿದೇಹೋಯಿತು ಅನ್ನಿಸಿದ ಮೇಲೂ ಅರ್ಧ ಗಂಟೆ ಬಸ್ಸು ಓಡುವ ಕಡೆ. ಎರಡು ಬಸ್ಸು ಬದಲಿಸಬೇಕು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಅಳತೆಯಲ್ಲಿ ಗಂಡನಿಗಿಂತ ಒಂದು ಕೈ ಮೇಲೆ. ಇರುವವಳು ಒಬ್ಬಳೇ ಮಗಳು. ಮನೆಯಲ್ಲಿ ಮೇಸ್ತ್ರಿ ತಾನು ಬಾಗಿಲು-ಕಿಟಕಿ ಮಾಡುವವನು ಎಂದು ಹೇಳಿಕೊಂಡಿದ್ದರು. ಸುಳ್ಳೇನಲ್ಲ, ಪ್ರತಿ ಗೋಡೆಗೂ ಒಂದು ಬಾಗಿಲು ಇರುತ್ತಿತ್ತು. ಕಿಟಕಿ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಮಗಳಿಗೆ ಎರಡನೆಯ ಸಲ ಪರೀಕ್ಷೆ ಬರೆದಮೇಲೆ ಪಶುವೈದ್ಯಕ್ಕೆ ಸೀಟು ಸಿಕ್ಕಿತು. ಮೇಸ್ತ್ರಿ ಆ ಕಾಗದವನ್ನು ನನ್ನ ಅಂಗಡಿಯಲ್ಲಿ ಒಂದಲ್ಲ, ಎಂಟು ನಕಲು ತೆಗೆಸಿದರು. ಬೇಕಾಗಿದ್ದದ್ದು ಎರಡು. ಅಂದಿನಿಂದ ಅವಳು ನಮ್ಮಿಬ್ಬರ ಬಾಯಲ್ಲೂ ಡಾಕ್ಟ್ರಮ್ಮ ಆದಳು. ಕಾಗದದ ಹಿಂದುಗಡೆ ಎರಡು ಷರತ್ತು ಸಣ್ಣಕ್ಷರದಲ್ಲಿದ್ದವು. ಮೊದಲ ವರ್ಷದವರು ಬೆಳಿಗ್ಗೆ ಐದೂವರೆಗೆ ಕಾಲೇಜಿನ ದನದ ಕೊಟ್ಟಿಗೆಯಲ್ಲಿ ಹಾಜರಿರಬೇಕು. ಅಲ್ಲಿಂದ ಅರ್ಧ ಗಂಟೆಯ ನಡಿಗೆಯೊಳಗೆ ವಾಸವಿರುವುದಕ್ಕೆ ಮೂವತ್ತನೇ ತಾರೀಕು ಸಂಜೆಯೊಳಗೆ ದಾಖಲೆ ಕೊಡಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ಮೇಸ್ತ್ರಿಯ ಊರಿನಿಂದ ಮೊದಲ ಬಸ್ಸು ಹೊರಡುವುದೇ ಐದೂವರೆಗೆ. ಹಾಸ್ಟೆಲಿನಲ್ಲಿ ಕೇಳಿದರೆ ಅವಳಿಗಿಂತ ಮುಂದೆ ನಾನೂರ ಹನ್ನೊಂದು ಜನ ಇದ್ದರು.

ಹೆಂಡತಿಯದು ಮೂರನೆಯ ಷರತ್ತು. ಅವರು ಮಗಳನ್ನು ಕಳಿಸಲು ಮೊದಲಿಂದಲೂ ಅರೆಮನಸ್ಸಿನವರು. “ರೂಮು ಚಿಕ್ಕದಿರ್ಲಿ, ಹಳೇದಿರ್ಲಿ. ಬಾಗಿಲು ಗಟ್ಟಿ ಇರ್ಬೇಕು. ಭಾನುವಾರ ನಾನೇ ಬಂದು ನೋಡ್ತೀನಿ, ಸರಿ ಇಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರ್ತೀನಿ” ಎಂದಿದ್ದರಂತೆ. ಆ ಹೆಂಗಸು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ ಎಂದು ಮೇಸ್ತ್ರಿಯೇ ಹೇಳಿದರು.

ಹದಿನಾರು ದಿನ ತಂದೆ-ಮಗಳು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದರು. ಬೆಳಿಗ್ಗೆ ನನ್ನ ಗೋಡೆಯ ಚೀಟಿ ನೋಡುವುದು, ಓಡುವುದು, ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ವಾಪಸು ಬರುವುದು. ಮೊದಮೊದಲು ರೂಮೇ ಸಿಗುತ್ತಿಲ್ಲ ಎಂದುಕೊಂಡಿದ್ದೆ. ಸಿಕ್ಕಿದ್ದನ್ನು ಮೇಸ್ತ್ರಿ ಬೇಡ ಅನ್ನುತ್ತಿದ್ದಾರೆ ಎಂದು ಒಂದು ದಿನ ಡಾಕ್ಟ್ರಮ್ಮ ಹೇಳಿದಮೇಲೆ ಗೊತ್ತಾಯಿತು.

“ಒಳಗೆ ಹೋಗ್ತಾರೆ, ಗೋಡೆ ಮೇಲೆ ಎರಡು ಸಲ ಕುಟ್ತಾರೆ, ಬೇಡ ಅಂತಾರೆ” ಅಂದಳು ನನ್ನ ಹತ್ತಿರ, ಅಪ್ಪ ಪಕ್ಕದಲ್ಲೇ ಇದ್ದ ಹಾಗೆಯೇ. “ಒಂದು ಕಡೆ ಇದು ಮೊದ್ಲು ಬಚ್ಚಲಾಗಿತ್ತು ಅಂದ್ರು. ಇನ್ನೊಂದು ಕಡೆ ಈ ಬೀರು ಹಿಂದೆ ಕಿಟಕಿ ಇದೆ, ಮುಚ್ಚಿದ್ದಾರೆ ಅಂದ್ರು. ನಿಂಗೆ ಹೇಗೆ ಗೊತ್ತಪ್ಪಾ ಅದೆಲ್ಲ?”

“ಕೆಲಸದವರಿಗೆ ಗೊತ್ತಾಗುತ್ತೆ” ಅಂದರು ಮೇಸ್ತ್ರಿ, ನನ್ನ ಕಡೆ ನೋಡದೆ.

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಕುಟ್ಟಿದ ಗೋಡೆಗಳೆಲ್ಲ ಅವರವೇ. ಬೇರೆಯವರ ಮಕ್ಕಳು ಇಪ್ಪತ್ತು-ಮೂವತ್ತು ವರ್ಷದಿಂದ ಮಲಗಿ ಎದ್ದು ಪಾಸಾಗಿ ಹೋದ ರೂಮುಗಳಲ್ಲಿ ಒಂದೂ ಅವರ ಮಗಳಿಗೆ ಲಾಯಕ್ಕಾಗಲಿಲ್ಲ. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಾನೂ ಅಂಥದರಲ್ಲೇ ಇರುವವನು ತಾನೇ. ಆದರೆ ಸಂಜೆ ಬಸ್ಸಿಗೆ ಹೋಗುವಾಗ ಮಗಳು ಮುಂದೆ, ಅಪ್ಪ ನಾಲ್ಕು ಹೆಜ್ಜೆ ಹಿಂದೆ ತಲೆ ತಗ್ಗಿಸಿ ನಡೆಯುವುದನ್ನು ಕಂಡಾಗ ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಇಪ್ಪತ್ತೆಂಟನೇ ತಾರೀಕಿಗೆ ಗೋಡೆಯ ಮೇಲೆ ‘ಇದೆ’ ಎನ್ನುವ ಒಂದು ಚೀಟಿಯೂ ಉಳಿದಿರಲಿಲ್ಲ. ಅವತ್ತು ಬೀಗದಮ್ಮ ಹೇಳಿಕಳಿಸಿದರು. ಹಿಂದಿನ ಗಲ್ಲಿಯ ಎರಡಂತಸ್ತಿನ ಮನೆಯ ಒಡತಿ, ಒಂಟಿ ಹೆಂಗಸು, ಸೊಂಟದಲ್ಲಿ ಸದಾ ಬೀಗದಕೈ ಗೊಂಚಲು. ಮಹಡಿಯ ರೂಮು ಖಾಲಿಯಾಗಿತ್ತು. ಕರಾರುಪತ್ರದ ನಮೂನೆ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ದೊಡ್ಡ ರೂಮು, ಎರಡು ಕಿಟಕಿ, ನೆಲ ಒಣಗಿತ್ತು. ಡಾಕ್ಟ್ರಮ್ಮನ ಮುಖ ಅರಳಿದ್ದನ್ನು ನೋಡಿದೆ.

“ನೋಡಿ ಮೇಸ್ತ್ರಿ” ಅಂದರು ಬೀಗದಮ್ಮ, “ಇಡೀ ರೂಮು ನಿಮ್ಮ ಕೈಗೆ ಎಟುಕಲ್ಲ, ನಂಗೂ ಗೊತ್ತು. ನಡುವೆ ಒಂದು ಗೋಡೆ ಹಾಕ್ಬಿಡಿ. ಅರ್ಧ ನಿಮ್ಮ ಮಗಳಿಗೆ, ಇನ್ನರ್ಧಕ್ಕೆ ನಾನು ಯಾರನ್ನಾದ್ರೂ ನೋಡ್ಕೋತೀನಿ.”

“ಗೋಡೆನಾ?” ಅಂದಳು ಮಗಳು. “ನಮ್ಮಪ್ಪ ಬಾಗಿಲು-ಕಿಟಕಿ ಮಾಡೋರು.”

ಬೀಗದಮ್ಮನಿಗೆ ನಗು ತಡೆಯಲಾಗಲಿಲ್ಲ. “ಕಿಟಕಿನಾ? ಈ ಬೀದೀಲಿ ಇವ್ರು ಕಿಟಕಿ ಮುಚ್ಚಿದ್ದು ಬಿಟ್ರೆ ತೆಗೆದಿದ್ದು ನಾನು ಕಾಣೆ ಮಗು. ಗೇಣು ಮೇಸ್ತ್ರಿ ಅಂದ್ರೆ ಗೋಡೆ, ಗೋಡೆ ಅಂದ್ರೆ ಇವ್ರು.”

ಮೇಸ್ತ್ರಿ ಕಿವಿಯ ಪೆನ್ಸಿಲು ತೆಗೆದು ನೋಡಿ ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ನಾನು ಕರಾರುಪತ್ರ ಓದುತ್ತಿರುವವನ ಹಾಗೆ ನಟಿಸಿದೆ, ಅದರ ಒಂದೊಂದು ಸಾಲೂ ನನಗೆ ಬಾಯಿಪಾಠವಿದ್ದರೂ. ಕೊನೆಗೆ ಡಾಕ್ಟ್ರಮ್ಮನೇ ಕೇಳಿದಳು.

“ಟೇಪು ತಂದಿದ್ದೀಯಾ?”

“ಚೀಲದಲ್ಲಿದೆ.”

“ಕೊಡು, ಆ ತುದಿ ನಾನು ಹಿಡ್ಕೋತೀನಿ.”

ಎರಡು ದಿನ ಕೆಲಸ ನಡೆಯಿತು. ಬೇರೆಯವರಿಗೆ ಒಂದು ದಿನದಲ್ಲಿ ಮುಗಿಸುತ್ತಿದ್ದದ್ದಕ್ಕೆ ಎರಡು ದಿನ ಯಾಕೆಂದರೆ, ಮೇಸ್ತ್ರಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಆ ಅರ್ಧ ರೂಮಿಗೆ ಸುರಿದರು. ಗೋಡೆಗೆ ಎರಡು ಪದರ ಹಲಗೆ, ನಡುವೆ ಶಬ್ದ ತಡೆಯಲು ಹಳೇ ಕಂಬಳಿ. ಎರಡೂ ಕಡೆಗೆ ಒಂದೊಂದು ಕಿಟಕಿ ಬಂದದ್ದರಿಂದ ಮೇಲೆ ಗೇಣು ಬಿಡಲಿಲ್ಲ, ಮೂವತ್ತು ವರ್ಷದಲ್ಲಿ ಎರಡನೆಯ ಸಲ ಗೋಡೆ ಸೂರು ಮುಟ್ಟಿತು. ಪುಸ್ತಕಕ್ಕೆ ಮೂರು ಹಲಗೆ, ಬಿಳಿ ಕೋಟು ತೂಗುಹಾಕಲು ಗೂಟ, ಅವಳ ಮೊಣಕೈ ಎತ್ತರಕ್ಕೆ ಸರಿಯಾಗಿ ಮೇಜು. ಬಾಗಿಲಿಗೆ ಮರದ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಹಲಗೆ. ಅದನ್ನು ಮಹಡಿಗೆ ಹೊರಲು ನಾನೂ ಹೆಗಲು ಕೊಟ್ಟೆ, ಮೂರು ದಿನ ಹೆಗಲು ನೋಯುತ್ತಿತ್ತು. “ಬಾಗಿಲು ಗಟ್ಟಿ ಇರ್ಬೇಕು ಅಂದಿದ್ದಾಳಲ್ಲ, ಬಂದು ಕುಟ್ಟಿ ನೋಡ್ಲಿ” ಅಂದರು ಮೇಸ್ತ್ರಿ. ಸ್ಯಾಂಡ್ ಪೇಪರಿನಿಂದ ಬಾಗಿಲಿನ ಅಂಚು ಉಜ್ಜುತ್ತ ಏನೋ ಗುನುಗುತ್ತಿದ್ದರು. ಅವರು ಗುನುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೂವತ್ತನೇ ತಾರೀಕು ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಕರಾರಿಗೆ ಸಹಿ ಬಿತ್ತು, ನಾನು ನಕಲು ತೆಗೆದೆ, ಡಾಕ್ಟ್ರಮ್ಮ ಓಡಿಹೋಗಿ ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದಳು. ಸೀಟು ಉಳಿಯಿತು. ಮೇಸ್ತ್ರಿ ನನ್ನ ಅಂಗಡಿಯ ಮುಂದೆ ನಿಂತು ಒಂದು ಲೋಟ ಚಹಾವನ್ನು ಮೂರು ಲೋಟದಷ್ಟು ಹೊತ್ತು ಕುಡಿದರು. ಮಗಳ ತಲೆ ಮೇಲೆ ಕೈಯಿಟ್ಟು, ಚೀಲ ಹೆಗಲಿಗೇರಿಸಿ, ನಾಲ್ಕೂವರೆ ಬಸ್ಸಿಗೆ ಹೋದರು.

ಅವರು ಹೋಗಿ ಮುಕ್ಕಾಲು ಗಂಟೆಯಾಗಿರಬೇಕು. ಡಾಕ್ಟ್ರಮ್ಮ ಅಂಗಡಿಗೆ ಬಂದಳು.

“ಅಣ್ಣಾ, ನಿಮ್ಮ ಹತ್ರ ಒಂದು ಮಾರು ಹಗ್ಗ ಇದ್ಯಾ?”

“ಯಾಕೆ, ಬಟ್ಟೆ ಒಣಗಿಸೋಕಾ?”

“ಇಲ್ಲ, ಬಾಗಿಲು ಕಟ್ಟೋಕೆ.”

ನನ್ನ ಕೈ ಮೆಷೀನಿನ ಮೇಲೆಯೇ ನಿಂತಿತು. ಕೇಳಬೇಕಾಗಿಯೇ ಇರಲಿಲ್ಲ. ಗೇಣು ಮೇಸ್ತ್ರಿಯ ಬಾಗಿಲುಗಳಿಗೆ ಚಿಲಕ ಇರುವುದು ಹೊರಗಡೆ ಒಂದೇ. ಉದ್ದನೆಯ ಕಬ್ಬಿಣದ ಚಿಲಕ, ಬೀಗ ತೂಗುಹಾಕಲು ಕಿವಿ ಇರುವಂಥದು. ಬಾಡಿಗೆ ನಿಂತರೆ ಯಜಮಾನರು ಬೀಗ ಜಡಿಯಬೇಕಲ್ಲ, ಅದಕ್ಕೆ. ಒಳಗಡೆಯ ಚಿಲಕ ಯಜಮಾನರಿಗೆ ಬೇಕಾಗುವುದಿಲ್ಲ, ಹಾಗಾಗಿ ಅವರು ಹೇಳುವುದಿಲ್ಲ, ಹೇಳದ್ದನ್ನು ಮೇಸ್ತ್ರಿ ಹಾಕುವುದಿಲ್ಲ. ನಾವೇ ಹಾಕಿಕೊಳ್ಳೋಣವೆಂದರೆ ಬಾಗಿಲಿಗೆ ಮೊಳೆ-ಸ್ಕ್ರೂ ಹೊಡೆಯಬಾರದು ಎಂದು ಕರಾರಿನಲ್ಲೇ ಇದೆ. ನಾನು ಬಂದ ದಿನದಿಂದ ಬಾಗಿಲಿಗೆ ಟ್ರಂಕು ಒತ್ತರಿಸಿಯೇ ಮಲಗುತ್ತೇನೆ. ಪಕ್ಕದ ಹದಿನಾಲ್ಕು ಜನರಲ್ಲಿ ಕೆಲವರು ಕುರ್ಚಿ ಇಡುತ್ತಿದ್ದರು, ಕೆಲವರು ಪುಸ್ತಕದ ಮೂಟೆ.

“ಅಪ್ಪನಿಗೆ ಹೇಳ್ಬೇಡಿ” ಅಂದಳು ಅವಳು. “ಎರಡು ದಿನ ನಡ ಮುರ್ಕೊಂಡು ಮಾಡಿದ್ದಾರೆ. ಬೇಜಾರು ಮಾಡ್ಕೋತಾರೆ.” ಆಮೇಲೆ, “ಭಾನುವಾರ ಅಮ್ಮ ಬರೋದ್ರೊಳಗೆ ಏನಾದ್ರೂ ಮಾಡ್ಬೇಕು. ಅಮ್ಮ ಮೊದ್ಲು ನೋಡೋದೇ ಬಾಗಿಲು” ಎಂದಳು.

ಹಗ್ಗ ಕೊಟ್ಟೆ. ಅವಳು ತಿರುವಿನಲ್ಲಿ ಮರೆಯಾದ ಮೇಲೆ ಮೇಸ್ತ್ರಿಗೆ ಫೋನು ಮಾಡಿದೆ. ನಾನು ಅಷ್ಟು ಒಳ್ಳೆಯ ಮನುಷ್ಯನೇನಲ್ಲ. ಇಪ್ಪತ್ತೆರಡು ವರ್ಷದ ಟ್ರಂಕಿನ ಸಿಟ್ಟೂ ಅದರಲ್ಲಿ ಸೇರಿತ್ತು.

“ಮೇಸ್ತ್ರಿ, ಡಾಕ್ಟ್ರಮ್ಮನ ಬಾಗಿಲಿಗೆ ಚಿಲಕ ಯಾವ ಕಡೆ ಹಾಕಿದ್ರಿ?”

ಬಸ್ಸಿನ ಸದ್ದು ಕೇಳಿಸುತ್ತಿತ್ತು. ಟಿಕೆಟ್ ಟಿಕೆಟ್ ಎಂದು ಯಾರೋ ಕೂಗುತ್ತಿದ್ದರು. ಆಮೇಲೆ “ಇಳಿಸಿ, ಇಳಿಸಿ” ಎನ್ನುವ ಅವರದೇ ದನಿ ಕೇಳಿತು, ಫೋನು ಕಟ್ಟಾಯಿತು.

ಆರೂವರೆಗೆ ಬಂದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತೇ ಬಂದಿದ್ದರೋ ಏನೋ, ಮುಖ ಇಳಿದುಹೋಗಿತ್ತು. ಚಿಲಕ ಮಾರುವ ಅಂಗಡಿಗೆ ಅವತ್ತು ವಾರದ ರಜೆ. ಮೇಸ್ತ್ರಿ ಅದರ ಕಡೆ ತಿರುಗಿಯೂ ನೋಡದೆ ನೇರವಾಗಿ ಮಹಡಿ ಹತ್ತಿದರು, ಹಿಂದೆ ನಾನು. ಮಗಳು ಹಗ್ಗ ಬಿಚ್ಚಿ ಬಾಗಿಲು ತೆಗೆದಳು. ಅಪ್ಪ ಆ ಹಗ್ಗವನ್ನು ನೋಡಿದರು, ಮಗಳು ಅದನ್ನು ಬೆನ್ನ ಹಿಂದಕ್ಕೆ ಹಿಡಿದುಕೊಂಡಳು. ಮೇಸ್ತ್ರಿ ನೆಲದ ಮೇಲೆ ಮಂಡಿಯೂರಿ ಹೊರಗಿನ ಚಿಲಕದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಸದ್ದು ಕೇಳಿ ಬೀಗದಮ್ಮ ಮೇಲೆ ಬಂದರು. “ಇದೇನು ಮೇಸ್ತ್ರಿ, ಹೊರಗಿನ ಚಿಲಕ ತೆಗೀತಿದ್ದೀರಿ? ನಾನು ಬೀಗ ಎಲ್ಲಿ ಹಾಕ್ಲಿ?”

“ಒಳಗಿರೋಳು ನನ್ನ ಮಗಳು ಅಮ್ಮಾವ್ರೇ.”

ಬೀಗದಮ್ಮ ಜಗಳಕ್ಕೆ ಬಂದವರಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ ಹಾಗಿತ್ತು ಅವರ ದನಿ. “ಹೋದ ವರ್ಷ ಕೆಳಗಿನ ರೂಮಿಗೆ ಹಾಕಿದ್ರಲ್ಲ, ಅಲ್ಲಿರೋಳೂ ಯಾರದೋ ಮಗಳೇ ಅಲ್ವಾ? ಆಗ ನೀವೂ ಏನೂ ಅನ್ಲಿಲ್ಲ, ನಾನೂ ಕೇಳ್ಲಿಲ್ಲ.”

ಮೇಸ್ತ್ರಿಯ ಸ್ಕ್ರೂಡ್ರೈವರು ನಿಂತಿತು. ಮತ್ತೆ ತಿರುಗಿತು. ಕೊನೆಯ ಸ್ಕ್ರೂ ಬಿಚ್ಚಿದರು, ಒಳಗೆ ಹೋದರು, ಅದೇ ಚಿಲಕವನ್ನು ಒಳಗಡೆ ಕೂರಿಸಿದರು. ಆಮೇಲೆ ಹೊರಗೆ ಬಂದು “ಹಾಕ್ಕೋ” ಅಂದರು. ಒಳಗೆ ಚಿಲಕ ಬಿದ್ದ ಸದ್ದಾಯಿತು. ಮೇಸ್ತ್ರಿ ಬಾಗಿಲು ತಳ್ಳಿದರು, ಅಲ್ಲಾಡಲಿಲ್ಲ. ಹೆಗಲು ಕೊಟ್ಟು ತಳ್ಳಿದರು.

“ಹೋಗಪ್ಪಾ, ಬಸ್ಸು ತಪ್ಪುತ್ತೆ” ಅಂದಳು ಮಗಳು ಒಳಗಿನಿಂದ.

ಭಾನುವಾರ ಅಮ್ಮ ಬಂದರು. ಕತ್ತಿನಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು, ತೆಗೆಯುವುದನ್ನು ಮರೆತು ಬಂದಿದ್ದರು. ಮೂರು ದಿನ ಐದೂವರೆಗೆ ಸರಿಯಾಗಿ ಕೊಟ್ಟಿಗೆಗೆ ಹೋಗಿ ಬಂದಿದ್ದ ಡಾಕ್ಟ್ರಮ್ಮ ಪುಸ್ತಕದ ಹಲಗೆ ತೋರಿಸಿದಳು, ಮೇಜು ತೋರಿಸಿದಳು. ಅಮ್ಮ ಎಲ್ಲಕ್ಕೂ ಹೂಂ ಎಂದು, ನಮ್ಮೆಲ್ಲರನ್ನೂ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಒಳಗೆ ಒಬ್ಬರೇ ಕೂತರು. ಬಹಳ ಹೊತ್ತು ಕೂತರು. ಮೇಸ್ತ್ರಿ ಉಗುರು ಕಚ್ಚುತ್ತಿದ್ದರು, ಮಗಳು ಅಪ್ಪನ ತೋಳು ಹಿಡಿದುಕೊಂಡಿದ್ದಳು.

ಬಾಗಿಲು ತೆಗೆದು ಹೊರಗೆ ಬಂದವರು ಅದರ ಹೊರಮೈ ಮೇಲೆ ಕೈಯಾಡಿಸಿದರು. ಕೈ ಒಂದು ಕಡೆ ನಿಂತಿತು. ಅಲ್ಲಿ ಆರು ಸ್ಕ್ರೂ ತೂತುಗಳಿದ್ದವು. ಎಂಥ ತೂತನ್ನೂ ಮೇಣ ತುಂಬಿ ಮುಚ್ಚುವ ಮೇಸ್ತ್ರಿ ಅವನ್ನು ಹಾಗೇ ಬಿಟ್ಟಿದ್ದರು.

“ಇಲ್ಲೇನಿತ್ತು?”

“ಏನೂ ಇಲ್ಲಮ್ಮಾ” ಅಂದಳು ಮಗಳು.

“ಚಿಲಕ” ಅಂದರು ಮೇಸ್ತ್ರಿ. “ಮೊದ್ಲು ಹೊರಗಡೆ ಹಾಕಿದ್ದೆ. ಕೈಗೆ ಅದೇ ಅಭ್ಯಾಸ.”

ಅಮ್ಮ ಗಂಡನ ಮುಖವನ್ನೇ ನೋಡಿದರು. “ಅಭ್ಯಾಸ ಅಂದ್ರೆ? ಎಷ್ಟು ಬಾಗಿಲಿಗೆ ಹಾಕಿದ್ದೀರಿ ಹೀಗೆ?”

“ಇದು ತೊಂಬತ್ತೇಳನೇದು.”

ಬೈಯುತ್ತಾರೆ ಎಂದುಕೊಂಡೆ. ಆಕೆ ಕತ್ತಿನ ಅಳತೆಪಟ್ಟಿ ತೆಗೆದು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ಅವಳು ಇಲ್ಲೇ ಇರ್ಲಿ” ಅಂದರು. “ನಿಮಗೆ ಇನ್ನು ತೊಂಬತ್ತಾರು ಭಾನುವಾರ ಕೆಲಸ ಇದೆ.”

ಮೇಸ್ತ್ರಿ ಈಗ ಭಾನುವಾರ ಭಾನುವಾರ ಬರುತ್ತಾರೆ. ಒಳಗಡೆಗೆ ಹೊಸ ಚಿಲಕ ಹಾಕುತ್ತಾರೆ, ಹೊರಗಿನದು ಇರಲಿ ಅಂದರೆ ಬಿಡುತ್ತಾರೆ. ಕೆಲವು ಯಜಮಾನರು ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸುತ್ತಾರೆ. ಗೋಡೆಗೆ ಅವರನ್ನು ಈಗ ಯಾರೂ ಕರೆಯುವುದಿಲ್ಲ, ಬೇರೊಬ್ಬ ಬಂದಿದ್ದಾನೆ, ಅರ್ಧ ದಿನದಲ್ಲಿ ಮುಗಿಸುತ್ತಾನಂತೆ. ಮೊದಲ ಭಾನುವಾರ ಬೀಗದಮ್ಮನ ಕೆಳಗಿನ ರೂಮು ಆಯಿತು, ಎರಡನೆಯದು ನನ್ನದು. ನಮ್ಮ ಯಜಮಾನರು ಏನಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ ಎಂದೆ, ನನಗೆ ಅಷ್ಟಿಷ್ಟು ಕಾನೂನು ಬರುತ್ತದಲ್ಲ. ಮೇಸ್ತ್ರಿ ಒಳಗೆ ಬರಲು ಮೊದಲು ಟ್ರಂಕು ಸರಿಸಬೇಕಾಯಿತು. ಅದು ನಿಂತಿದ್ದ ಜಾಗದಲ್ಲಿ ನೆಲದ ಬಣ್ಣವೇ ಬೇರೆ ಇತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ಚೀಲದಿಂದ ಚಿಲಕ ತೆಗೆದರು.